ಡಾಕ್ಟ್ರು ಹೂಂ ಅನ್ನದೆ

ರಟ್ಟಿನ ಪೆಟ್ಟಿಗೆ ತಯಾರಿಸುವ ಆ ಕಾರ್ಖಾನೆಗೆ ಮ್ಯಾನೇಜರ್ ಎಂಬುವರೊಬ್ಬರು ಇದ್ದರು. ಅವರಿಗೆ ಸ್ವಂತ ಕೋಣೆ, ತಿರುಗುವ ಕುರ್ಚಿ, ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಡಿಗ್ರಿ, ಮೇಜಿನ ಮೇಲೆ ಗಂಟೆ, ಎಲ್ಲವೂ ಇತ್ತು. ಗಂಟೆ ಬಾರಿಸಿದರೆ ಯಾರೂ ಬರುತ್ತಿರಲಿಲ್ಲ ಎಂಬುದು ಬೇರೆ ವಿಷಯ. ಅವರು 'ಶುರು ಮಾಡಿ' ಎಂದರೆ ಜನ ಭಕ್ತಿಯಿಂದ ತಲೆಯಾಡಿಸಿ ನಿಂತಲ್ಲೇ ನಿಂತಿರುತ್ತಿದ್ದರು. ಕೆಲಸ ಶುರುವಾಗಬೇಕಾದರೆ ಡಾಕ್ಟ್ರು ಹೂಂ ಅನ್ನಬೇಕಿತ್ತು.

ಈ ಡಾಕ್ಟ್ರು ಜನ್ಮದಲ್ಲಿ ಯಾರ ನಾಡಿಯನ್ನೂ ಹಿಡಿದವರಲ್ಲ, ಹಿಡಿದದ್ದೆಲ್ಲ ಸ್ಪ್ಯಾನರ್. ಹಾಜರಿ ಪುಸ್ತಕದಲ್ಲಿ ಅವರು ಸಹಾಯಕ ಫಿಟ್ಟರ್. ಯಾರಿಗೆ ಸಹಾಯಕ ಎಂದು ಕೇಳಿದರೆ ಹೇಳುವವರಿಲ್ಲ, ಏಕೆಂದರೆ ಮುಖ್ಯ ಫಿಟ್ಟರ್ ಎಂಬ ಪ್ರಾಣಿಯನ್ನು ಆ ಕಾರ್ಖಾನೆ ಯಾವತ್ತೂ ಕಂಡಿರಲಿಲ್ಲ. ಬಹಳ ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಅವರು ಪಂಚಿಂಗ್ ಮೆಷಿನ್ನಿನ ಪಕ್ಕೆಗೆ ಕಿವಿಯೊತ್ತಿ, "ನಿಲ್ಸಿ, ಬೇರಿಂಗ್ ಹೋಗಿದೆ" ಎಂದಿದ್ದರು. ಬಿಚ್ಚಿ ನೋಡಿದರೆ ಬೇರಿಂಗ್ ಪುಡಿಪುಡಿಯಾಗಿ ಕೈಗೆ ಬಂತು. ಅದು ನಿಜವಾದ ವಿದ್ಯೆಯೇ, ಅದರಲ್ಲಿ ಎರಡು ಮಾತಿಲ್ಲ. ಆವತ್ತಿನಿಂದ ಅವರು ಡಾಕ್ಟ್ರಾದರು. ಹೆತ್ತವರಿಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಪಂಚಿಂಗ್ ಮೆಷಿನ್ ಎಂದರೆ ಆಳೆತ್ತರದ ಕಬ್ಬಿಣದ ದವಡೆ. ಅದು ತೆರೆದಾಗ ರಟ್ಟಿನ ಹಾಳೆಯನ್ನು ಒಳಗಿಡಬೇಕು. ಮುಚ್ಚಿ ತೆರೆಯುವಷ್ಟರಲ್ಲಿ ಹಾಳೆ ಪೆಟ್ಟಿಗೆಯ ಅಳತೆಗೆ ಕತ್ತರಿಸಿಕೊಂಡು, ಮಡಿಸಬೇಕಾದ ಕಡೆ ಗೆರೆ ಎಳೆಸಿಕೊಂಡು ಕೂತಿರುತ್ತದೆ. ಅದನ್ನು ತೆಗೆದು ಇನ್ನೊಂದು ಇಡಬೇಕು. ಇಡುವುದೂ ತೆಗೆಯುವುದೂ ಬರಿಗೈಯಲ್ಲಿ. ಅದರ ಮುಂದಿನ ಸ್ಟೂಲಿನ ಮೇಲೆ ಕೂತು ದಿನವಿಡೀ ಅದರ ಬಾಯಿಗೆ ಕೈ ಹಾಕಿ ತೆಗೆಯುವ ಉದ್ಯೋಗ ಡಾಕ್ಟ್ರ ಹೆಂಡತಿಯ ತಮ್ಮನದು. ಆ ಕೆಲಸ ಕೊಡಿಸಿದ್ದೂ ಡಾಕ್ಟ್ರೇ. ಭಾಮೈದನ ಮೇಲಿನ ಪ್ರೀತಿಯಿಂದ ಎಂದು ಅವರು ಹೇಳಿಕೊಳ್ಳುತ್ತಿದ್ದರು. ನಿಜವಾಗಿ ಕೊಡಿಸಿದ್ದು ಹೆಂಡತಿಯ ಭಯದಿಂದ.

ಬೆಳಗಿನ ವಿಧಿ ಹೀಗೆ. ಮೊದಲು ದೊಡ್ಡ ಚಕ್ರವನ್ನು ತಿರುಗಲು ಬಿಡುತ್ತಾರೆ, ದವಡೆ ಇನ್ನೂ ಅಲುಗಿರುವುದಿಲ್ಲ. ಡಾಕ್ಟ್ರು ಟೋಪಿ ತೆಗೆದು, ಬಲಗಿವಿಯನ್ನು ಮೆಷಿನ್ನಿಗೆ ಒತ್ತಿ, ಕಣ್ಣು ಮುಚ್ಚುತ್ತಾರೆ. ಗೋಂದು ಹಚ್ಚುವ ವಿಭಾಗದಲ್ಲಿ ಕುಂಚಗಳು ಗಾಳಿಯಲ್ಲಿ ನಿಲ್ಲುತ್ತವೆ. ಮ್ಯಾನೇಜರ್ ಕೂಡ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಆಮೇಲೆ ಒಂದು "ಹೂಂ". ಅಷ್ಟಾದರೆ ಕಾರ್ಖಾನೆಗೆ ಜೀವ ಬರುತ್ತದೆ.

ಬರುಬರುತ್ತ ಆ ಹೂಂ ಮೆಷಿನ್ನಿಗಷ್ಟೇ ಸಾಲದಾಯಿತು. ರಜೆ ಹಾಕಲೋ ಬೇಡವೋ, ಮಗಳನ್ನು ಆ ಮನೆಗೆ ಕೊಡಬಹುದೇ, ಬಾಡಿಗೆ ಮನೆ ಬದಲಿಸಬಹುದೇ, ಎಲ್ಲಕ್ಕೂ ಡಾಕ್ಟ್ರು ಹೂಂ ಅನ್ನಬೇಕು. ಮ್ಯಾನೇಜರ್ ಹೊರಡಿಸಿದ ಆದೇಶವನ್ನು ಜನ ಡಾಕ್ಟ್ರಿಗೆ ತೋರಿಸಿ ಒಪ್ಪಿಗೆ ಪಡೆದ ಮೇಲೆ ಪಾಲಿಸುತ್ತಿದ್ದರು. ಮ್ಯಾನೇಜರ್ ಜಾಣರು, ಆದೇಶ ಹೊರಡಿಸುವ ಮೊದಲು ತಾವೇ ತೋರಿಸುತ್ತಿದ್ದರು. ಎದುರುಮನೆಯ ಪೆನ್ಷನ್ ಮೇಷ್ಟ್ರು ಮೊದಲು ರೇಡಿಯೋ ತಂದರು, ಆಮೇಲೆ ಫ್ಯಾನು ತಂದರು, ಕೊನೆಗೆ ತಮ್ಮ ಮೊಣಕಾಲನ್ನೇ ತಂದು ಕುರ್ಚಿಯ ಮೇಲಿಟ್ಟರು.

"ಮೆಟ್ಲು ಹತ್ತುವಾಗ ಕಟಕಟ ಅನ್ನತ್ತೆ. ಸ್ವಲ್ಪ ಕಿವಿ ಇಟ್ಟು ನೋಡಿ ಡಾಕ್ಟ್ರೆ."

"ಮೇಷ್ಟ್ರೆ, ನಾನು ಫಿಟ್ಟರ್ರು."

"ಇದೂ ಫಿಟ್ಟಿಂಗೇ ಅಲ್ವೇ?"

ದಾಕ್ಷಿಣ್ಯಕ್ಕೆ ಬಿದ್ದು ಡಾಕ್ಟ್ರು ಮೊಣಕಾಲಿಗೆ ಕಿವಿಯಿಟ್ಟು, ಹೂಂ ಎಂದು, ಗ್ರೀಸ್ ಕಮ್ಮಿಯಾಗಿದೆ ಎಂದರು. ಮೇಷ್ಟ್ರು ಬೀದಿಯೆಲ್ಲ ಹೇಳಿಕೊಂಡು ಬಂದರು. ಆಸ್ಪತ್ರೆಯವರೂ ಹೆಚ್ಚುಕಮ್ಮಿ ಅದನ್ನೇ ಹೇಳಿದ್ದರಂತೆ.

ಇಷ್ಟೆಲ್ಲ ವೈಭವಕ್ಕೆ ಆಧಾರವಾದ ಕಿವಿ ಮಾತ್ರ ಸದ್ದಿಲ್ಲದೆ ಕೈಕೊಡುತ್ತಿತ್ತು.

ಮೊದಮೊದಲು ಡಾಕ್ಟ್ರಿಗೆ ಲೋಕವೇ ಸುಧಾರಿಸಿದಂತೆ ಅನ್ನಿಸಿತು. ಬೀದಿಯಲ್ಲಿ ಜಗಳವಿಲ್ಲ, ನಾಯಿ ಬೊಗಳುವುದಿಲ್ಲ, ಹೆಂಡತಿ ಮೆತ್ತಗೆ ಮಾತಾಡುತ್ತಾಳೆ. ಮದುವೆಯಾದ ಲಾಗಾಯ್ತಿನಿಂದ ಅಷ್ಟು ನೆಮ್ಮದಿಯ ಕಾಲವನ್ನು ಅವರು ಕಂಡಿರಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿ ನಿಂತಿದ್ದಾಗ ಕಣ್ಣೆದುರಿಗೇ ಕುಕ್ಕರಿನ ತಲೆಯಿಂದ ಹಬೆ ಚಿಮ್ಮಿತು, ಸೀಟಿ ಮಾತ್ರ ಕೇಳಿಸಲಿಲ್ಲ. ಅವರು ಒಲೆಯ ಹತ್ತಿರ ಬಾಗಿ ಕಿವಿಯೊಡ್ಡಿದರು. ಎಲ್ಲೋ ದೂರದಲ್ಲಿ ಯಾರೋ ನಿಟ್ಟುಸಿರು ಬಿಟ್ಟಷ್ಟು ಕೇಳಿಸಿತು. ಡಾಕ್ಟ್ರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಕದ್ದುಮುಚ್ಚಿ ಕಿವಿಯ ಆಸ್ಪತ್ರೆಗೆ ಹೋದರು. ಅಲ್ಲಿನ ಅಸಲಿ ಡಾಕ್ಟರು ಮುಖಕ್ಕೆ ಮುಖ ಕೊಟ್ಟು ಕೂಗಿ ಹೇಳಿದರು, "ನರ ಸತ್ತಿದೆ! ಎಷ್ಟು ವರ್ಷದಿಂದ ಆ ಮೆಷಿನ್ನಿಗೆ ಕಿವಿ ಒತ್ತಿದ್ದೀರಿ? ಕಿವಿಗೆ ಯಂತ್ರ ಹಾಕ್ಕೊಂಡ್ರೆ ಮಾತು ಅಷ್ಟಿಷ್ಟು ಕೇಳತ್ತೆ. ನಿಮ್ಮ ಕೆಲಸಕ್ಕೆ ಬೇಕಾದ ಸೂಕ್ಷ್ಮ ಎಲ್ಲ ಇನ್ನು ಬರಲ್ಲ." ಕಿವಿಯಿಂದ ಮೆಷಿನ್ ಪರೀಕ್ಷಿಸುವವನು ಕಿವಿಗೇ ಮೆಷಿನ್ ಸಿಕ್ಕಿಸಿಕೊಂಡು ಹೋದರೆ ಜನ ಏನಂದುಕೊಂಡಾರು? ಡಾಕ್ಟ್ರು ಬೇಡವೆಂದು ಎದ್ದು ಬಂದರು. ಬಾಗಿಲಲ್ಲಿ, ತಾಯಿಯ ಕಿವಿ ತೋರಿಸಲು ಬಂದಿದ್ದ ಮ್ಯಾನೇಜರ್ ಎದುರಾದರು. ಮ್ಯಾನೇಜರ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೈಮುಗಿದರು. ಮರುದಿನ ಕಾರ್ಖಾನೆಯಲ್ಲಿ ಸುದ್ದಿಯೋ ಸುದ್ದಿ: ಗಾಯಕರು ಗಂಟಲು ನೋಡಿಕೊಳ್ಳುವಂತೆ ನಮ್ಮ ಡಾಕ್ಟ್ರು ತಿಂಗಳಿಗೊಮ್ಮೆ ಕಿವಿಯನ್ನು ಸರ್ವಿಸ್ ಮಾಡಿಸುತ್ತಾರಂತೆ.

ಇದಾದ ಮೇಲೆ ನಿಜ ಹೇಳುವ ದಾರಿ ಇನ್ನಷ್ಟು ಇಕ್ಕಟ್ಟಾಯಿತು. ಡಾಕ್ಟ್ರು ಹೊಸ ಉಪಾಯ ಹೂಡಿದರು. ಮೆಷಿನ್ನಿಗೆ ಕಿವಿಯಿಟ್ಟು, ಮುಚ್ಚಿದಂತೆ ಮಾಡಿದ ಕಣ್ಣಿನ ಸಂದಿಯಿಂದ ಗೋಂದಿನ ಚಿಕ್ಕಮ್ಮನ ಮುಖ ನೋಡುವುದು. ಗೋಂದಿನ ವಿಭಾಗದ ಹಿರಿಯಳಾದ ಆಕೆ ಆ ಮೆಷಿನ್ನಿನ ಪಕ್ಕದಲ್ಲೇ ತಲೆ ನರೆಸಿಕೊಂಡವಳು. ಅಪಸ್ವರ ಬಂದರೆ ಆಕೆಯ ಹುಬ್ಬು ಗಂಟಿಕ್ಕಲೇಬೇಕು. ಹುಬ್ಬು ಸಮವಾಗಿದ್ದರೆ ಹೂಂ. ಉಪಾಯ ಚೆನ್ನಾಗಿಯೇ ಇತ್ತು. ಇದ್ದದ್ದು ಒಂದೇ ತೊಡಕು. ಚಿಕ್ಕಮ್ಮ ಮೆಷಿನ್ನಿನ ಸದ್ದಿಗೆ ಗಮನ ಕೊಡುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಆಕೆ ನೋಡುತ್ತಿದ್ದದ್ದು ಡಾಕ್ಟ್ರ ಮುಖವನ್ನು.

ಹಾಗಾಗಿ ಆ ಕೆಟ್ಟ ಬೆಳಿಗ್ಗೆ ನಡೆದದ್ದು ನಡೆಯಲೇಬೇಕಿತ್ತು. ಚಕ್ರ ತಿರುಗಿತು. ಒಳಗಿನಿಂದ ಕರ್ರ್ ಎಂದು ಹಲ್ಲು ಕಡಿದಂಥ ಸದ್ದು ಬಂತಂತೆ, ಅದು ಡಾಕ್ಟ್ರಿಗೆ ಆಮೇಲೆ ಗೊತ್ತಾದ ಸಂಗತಿ. ಡಾಕ್ಟ್ರು ಕಣ್ಣಿನ ಸಂದಿ ತೆರೆಯುವ ಮೊದಲೇ ಚಿಕ್ಕಮ್ಮ ಗಾಬರಿಯಿಂದ ಅವರ ಕಡೆ ನೋಡಿದಳು. ಡಾಕ್ಟ್ರು ಪ್ರಶಾಂತರಾಗಿದ್ದರು. ಅದನ್ನು ಕಂಡು ಚಿಕ್ಕಮ್ಮನೂ ಪ್ರಶಾಂತಳಾದಳು. ಆಕೆಯ ಮುಖ ನೋಡಿ ಡಾಕ್ಟ್ರಿಗೆ ಇನ್ನಷ್ಟು ಧೈರ್ಯ ಬಂತು. ಅವರು ತುಸು ಮುಗುಳ್ನಕ್ಕು, "ಹೂಂ" ಎಂದರು.

ಭಾಮೈದ ಹಾಳೆ ಇಟ್ಟ. ದವಡೆ ಮುಚ್ಚಿತು, ತೆರೆಯಿತು. ಅವನು ತೆಗೆಯಲು ಕೈ ಚಾಚಿದ. ಚಕ್ರದಿಂದ ದವಡೆಯನ್ನು ಬಿಡಿಸಬೇಕಾದ ಕ್ಲಚ್ಚು ಬಿಡಿಸಲಿಲ್ಲ, ದವಡೆ ಮತ್ತೊಮ್ಮೆ ಮುಚ್ಚಿತು. ಹೆಂಗಸರು ಕಿರುಚಿದರು, ಮ್ಯಾನೇಜರ್ ಕಣ್ಣು ಮುಚ್ಚಿಕೊಂಡರು, ಯಾರೋ ಓಡಿಹೋಗಿ ಸ್ವಿಚ್ ಆರಿಸಿದರು. ದವಡೆಯೊಳಗಿಂದ ಹೊರಬಂದದ್ದು ಭಾಮೈದನ ಅಂಗಿಯ ತೋಳಿನ ಒಂದು ತುಂಡು. ಪೆಟ್ಟಿಗೆಯ ಅಳತೆಗೆ ಅಚ್ಚುಕಟ್ಟಾಗಿ ಕತ್ತರಿಸಿಕೊಂಡು, ಮಡಿಕೆಯ ಗೆರೆ ಸಮೇತ ಬಂದಿತ್ತು. ಗುಂಡಿ ಹಾಗೇ ಇತ್ತು. ಕೈ ಕೂದಲೆಳೆಯಲ್ಲಿ ಉಳಿದಿತ್ತು.

ಡಾಕ್ಟ್ರು ಅಷ್ಟು ಹೊತ್ತೂ ಚಿಕ್ಕಮ್ಮನ ಕಡೆ ತಿರುಗಿ ಮುಗುಳ್ನಗುತ್ತ ನಿಂತಿದ್ದರು. ಆಕೆ ಬಾಯಿ ತೆರೆದದ್ದನ್ನು ನೋಡಿ ಆಕಳಿಸುತ್ತಿದ್ದಾಳೆ ಎಂದುಕೊಂಡಿದ್ದರು. ಸಾವಕಾಶವಾಗಿ ತಿರುಗಿ ನೋಡಿದಾಗ ಆ ಬಟ್ಟೆಯ ತುಂಡು ಕಂಡಿತು.

ಭಾಮೈದ ಮಾತ್ರ ಹರಿದ ತೋಳನ್ನು ಮೇಲೆತ್ತಿ ಕುಣಿದಾಡಿದ. "ನೋಡಿದ್ರಾ? ಎಲ್ರೂ ಕಿರುಚಿದ್ರು, ನಮ್ಮ ಭಾವ ಮಾತ್ರ ಅಲುಗಾಡ್ಲಿಲ್ಲ! ನಕ್ಕರು ಕಣ್ರೀ, ಆ ಹೊತ್ತಲ್ಲಿ ನಕ್ಕರು! ಅಂಗಿ ಹೋಗತ್ತೆ, ಕೈ ಉಳಿಯತ್ತೆ ಅಂತ ಅವ್ರಿಗೆ ಮೊದ್ಲೇ ಗೊತ್ತಿತ್ತು!"

"ಅಷ್ಟು ಕರಾರುವಾಕ್ಕು!" ಎಂದರು ಮ್ಯಾನೇಜರ್, ಬೆವರು ಒರೆಸಿಕೊಳ್ಳುತ್ತ. ಬಟ್ಟೆಯ ತುಂಡನ್ನು ತಮ್ಮ ಡಿಗ್ರಿಯ ಪಕ್ಕದಲ್ಲಿ ಪಿನ್ನು ಹಾಕಿ ಸಿಕ್ಕಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟೊಂದು ಕೈಗಳು ಸದ್ದಿಲ್ಲದೆ ಒಂದಕ್ಕೊಂದು ಬಡಿಯುವುದನ್ನು ಡಾಕ್ಟ್ರು ನೋಡುತ್ತ ನಿಂತರು. ಅವರಿಗೆ ಆ ಎಲ್ಲ ಕೈಗಳಲ್ಲಿ ಭಾಮೈದನ ಕೈ ಯಾವುದು ಎಂದು ಹುಡುಕಬೇಕೆನ್ನಿಸಿತು. ಹುಡುಕಿ, ಕಂಡ ಮೇಲೆ, ಅಳು ಬಂತು.

ಅಂದು ಸಂಜೆಯೊಳಗೆ ಅವರು ಕ್ಲಚ್ಚು ಬಿಚ್ಚಿದರು. ಒಳಗಿನ ಪಟ್ಟಿ ಸವೆದು ಕಾಗದದಷ್ಟಾಗಿತ್ತು. ಬಿಗಿ ಮಾಡಿದರು. ಬಿಗಿ ಎಷ್ಟು ಕಾಲ ನಿಲ್ಲುತ್ತದೆ ಎಂದು ಕಣ್ಣಿಗೆ ತಿಳಿಯುವ ಮಾತಲ್ಲ. ಓಡುವಾಗ ಬರುವ ಸದ್ದೇ ಹೇಳಬೇಕು.

ಮನೆಯಲ್ಲಿ ಊಟಕ್ಕೆ ಕೂತಾಗ ಭಾಮೈದ ಬಾಯಿತುಂಬ ಅನ್ನ ಇಟ್ಟುಕೊಂಡು ಅಕ್ಕನಿಗೆ ಭಾವನ ಪ್ರತಾಪ ವರ್ಣಿಸುತ್ತಿದ್ದ. ಡಾಕ್ಟ್ರು ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದರು. ಇದ್ದಕ್ಕಿದ್ದಂತೆ ಭಾಮೈದನ ಕೈ ಬಾಯಿಯ ಹತ್ತಿರವೇ ನಿಂತಿತು. ಅವನು ಡಾಕ್ಟ್ರ ಬೆನ್ನ ಹಿಂದೆ ನೋಡುತ್ತಿದ್ದ. ಡಾಕ್ಟ್ರು ತಿರುಗಿದರು. ಹೆಂಡತಿ ಎರಡೂ ಕೈಯಲ್ಲಿ ತಟ್ಟೆ, ಸೌಟು ಹಿಡಿದು ನಿಂತಿದ್ದಳು. ಎಷ್ಟು ಸಲ ಬಡಿದಿದ್ದಳೋ, ಸೌಟು ಸೊಟ್ಟಗಾಗಿತ್ತು.

ಆಕೆ ಎದುರಿಗೆ ಬಂದು ಕೂತಳು. ಒಂದೊಂದೇ ಮಾತನ್ನು ತುಟಿ ಅಗಲಿಸಿ ಹೇಳಿದಳು. "ನಿಮಗೆ ಕೇಳಲ್ಲ. ಅಲ್ವಾ?"

ಡಾಕ್ಟ್ರು ತಲೆ ತಗ್ಗಿಸಿದರು.

"ಏ ಅಕ್ಕ, ಹಂಗೇನಿಲ್ಲ" ಎಂದ ಭಾಮೈದ. "ಭಾವ ಏನೋ ಯೋಚನೆ ಮಾಡ್ತಿದ್ರು. ದೊಡ್ಡೋರು ಹಂಗೇ."

"ನೀನು ಬಾಯ್ಮುಚ್ಚು! ನಿನ್ನ ಕೈ ಹೋಗಿದ್ರೆ ಆ ಕೈಯಲ್ಲಿ ಉಣ್ತಿದ್ಯೇನೋ?" ಎಂದು ತಮ್ಮನ ಮೇಲೆ ರೇಗಿ, ಗಂಡನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ರೀ, ಕೇಳಿ. ಕೇಳಲ್ಲ ಅಂದ್ರೆ ನೋಡಿ. ಇವತ್ತಿಗೆ ಮುಗೀತು. ಇನ್ನು ಇವನ ಕೈ ಮೇಲೆ ನೀವು ಹೂಂ ಅನ್ನಕೂಡ್ದು."

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಡಾಕ್ಟ್ರು ಮ್ಯಾನೇಜರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬೆಳಿಗ್ಗೆ ಪಂಚಿಂಗ್ ಮೆಷಿನ್ನಿಗೆ ಬಣ್ಣ ಹಚ್ಚಬೇಕು ಎಂದು ನೆಪ ಹೇಳಿ ಅದನ್ನು ನಿಲ್ಲಿಸಿದ್ದರು. ಆ ಕೋಣೆಯ ವಿಶೇಷವೇನೆಂದರೆ ಅದಕ್ಕೆ ಪ್ಲೈವುಡ್ ಗೋಡೆಗಳಿದ್ದವು, ಬಾಗಿಲಿತ್ತು, ಬಾಗಿಲಿಗೆ ಬೀಗವೂ ಇತ್ತು. ಮೇಲೆ ಚಾವಣಿ ಇರಲಿಲ್ಲ.

"ಸಾರ್, ನನಗೆ ಕಿವಿ ಕೇಳಲ್ಲ" ಎಂದರು ಡಾಕ್ಟ್ರು.

ಮ್ಯಾನೇಜರ್ ಏನೋ ಪಿಸುಗುಟ್ಟಿದರು.

"ಏನಂದ್ರಿ?"

ಮ್ಯಾನೇಜರ್ ಮುಖ ಬಿಳಿಚಿಕೊಂಡಿತು. ಗಂಟಲು ಏರಿಸಿದರು. "ಯಾವಾಗಿಂದ ಅಂದೆ!"

"ಆಗಿದೆ ಸಾರ್, ಒಂದೆರಡು ವರ್ಷ. ಕಂಪನಿ ಮೆಕ್ಯಾನಿಕ್‌ನ ಕರೆಸಿ ಸಾರ್. ಕ್ಲಚ್ಚಿನ ಪಟ್ಟಿ ಬದಲಾಯಿಸ್ಬೇಕು."

"ಕರೆಸಿದ್ರೆ ಹೆಡ್ ಆಫೀಸಿನವ್ರು ಬಿಡ್ತಾರೇನ್ರೀ? ಇಷ್ಟು ದಿನ ಯಾಕೆ ಕರೆಸ್ಲಿಲ್ಲ ಅಂತಾರೆ! ಹಳೇ ಮೆಷಿನ್ನು, ಮುಚ್ಚಿಬಿಡಿ ಅಂತ ಅವ್ರು ಕಾಯ್ತಾ ಕೂತಿದ್ದಾರೆ! ಮುಚ್ಚಿದ್ರೆ ಇಷ್ಟೂ ಜನ ಬೀದಿಗೆ ಬೀಳ್ತಾರೆ!"

"ಹಾಗಾದ್ರೆ ಬೆಳಿಗ್ಗೆ ನೀವೇ ಬಂದು ಸರಿಯಿದೆ ಅಂತ ಹೇಳಿ ಸಾರ್."

"ನಾನಾ?" ಮ್ಯಾನೇಜರ್ ಕುರ್ಚಿಯ ಸಮೇತ ಹಿಂದಕ್ಕೆ ಸರಿದರು. "ನನಗೇನ್ರೀ ಗೊತ್ತು? ನಾನು ಬರೀ ಮ್ಯಾನೇಜರ್ರು!"

"ನನಗೂ ಇನ್ನು ಗೊತ್ತಾಗಲ್ಲ ಸಾರ್."

ಮ್ಯಾನೇಜರ್ ಎದ್ದು ಬಂದು ಡಾಕ್ಟ್ರ ಎರಡೂ ಭುಜ ಹಿಡಿದುಕೊಂಡರು. ಗುಟ್ಟಿನ ವಿಷಯವಾದ್ದರಿಂದ ಆದಷ್ಟು ಹತ್ತಿರಕ್ಕೆ ಬಾಯಿ ತಂದು, ಕಿವಿ ಕೇಳದವರಾದ್ದರಿಂದ ಎದೆಯ ಉಸಿರೆಲ್ಲ ಕೂಡಿಸಿ ಅರಚಿದರು. "ಯಾರಿಗೂ ಹೇಳ್ಬೇಡಿ! ನಿಮಗೆ ಕಿವಿ ಕೇಳಲ್ಲ ಅನ್ನೋದು ನಮ್ಮಿಬ್ಬರಲ್ಲೇ ಇರ್ಲಿ!"

ಡಾಕ್ಟ್ರು ಬಾಗಿಲು ತೆರೆದು ಹೊರಗೆ ಬಂದರು. ಊಟದ ಡಬ್ಬಿಗಳ ಮುಂದೆ ಕೂತಿದ್ದ ಅಷ್ಟೂ ಜನ ಕೈಯಲ್ಲಿ ತುತ್ತು ಹಿಡಿದು ಅವರನ್ನೇ ನೋಡುತ್ತಿದ್ದರು. ಒಬ್ಬೊಬ್ಬರಾಗಿ ತಲೆ ಬಗ್ಗಿಸಿ ಊಟ ಮುಂದುವರಿಸಿದರು. ಕೇಳಿಸದವರ ನಟನೆ ಹೇಗಿರುತ್ತದೆ ಎಂದು ಡಾಕ್ಟ್ರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದು ಲೆಕ್ಕದಲ್ಲಿ ಅವರಿಗೆ ಎದೆಯ ಭಾರ ಇಳಿಯಿತು. ಗೊತ್ತಾಯಿತಲ್ಲ, ಇನ್ನು ನನ್ನನ್ನು ಬಿಟ್ಟುಬಿಡುತ್ತಾರೆ ಎಂದುಕೊಂಡರು. ಪಾಪ, ಜನರ ವಿಷಯದಲ್ಲಿ ಅವರ ತಿಳಿವಳಿಕೆ ಬೇರಿಂಗಿನಷ್ಟು ಗಟ್ಟಿಯಿರಲಿಲ್ಲ.

ಮರುದಿನ ಬೆಳಿಗ್ಗೆ ಚಕ್ರ ತಿರುಗಿತು. ಎಲ್ಲರೂ ಎಂದಿನಂತೆ ಬಂದು ನಿಂತರು. ಕುಂಚಗಳು ಗಾಳಿಯಲ್ಲಿ ನಿಂತವು. ಮ್ಯಾನೇಜರ್ ಬಾಗಿಲಲ್ಲಿ ನಿಂತರು. ಭಾಮೈದ ಸ್ಟೂಲಿನ ಮೇಲೆ ಕೂತು ತೋಳು ಮಡಿಸಿಕೊಂಡಿದ್ದ, ಇನ್ನೊಂದು ಅಂಗಿ ಹಾಳಾಗದಿರಲಿ ಎಂಬ ಮುಂದಾಲೋಚನೆ. ಡಾಕ್ಟ್ರು ಟೋಪಿ ತೆಗೆಯಲಿಲ್ಲ.

"ನಾನು ಅನ್ನಲ್ಲ" ಎಂದರು. "ನನಗೆ ಕೇಳಲ್ಲ. ನಿಮಗೆಲ್ಲ ಗೊತ್ತಾಗಿದೆ."

ಚಿಕ್ಕಮ್ಮ ಕುಂಚ ಕೆಳಗಿಟ್ಟು ಹತ್ತಿರ ಬಂದು, ಅವರ ಮುಖದೆದುರು ನಿಂತು, ಜೋರಾಗಿ ಹೇಳಿದಳು. "ಡಾಕ್ಟ್ರೆ, ನಿಮ್ಮ ಕಿವಿ ಯಾರಿಗೆ ಬೇಕು? ನಮಗೆ ಹೂಂ ಬೇಕು."

"ಚಿಕ್ಕಮ್ಮ, ಅದು ಸುಳ್ಳು ಹೂಂ ಆಗತ್ತೆ."

"ಆಗ್ಲಿ. ನೀವು ಬರೋಕ್ಮುಂಚೆ ಆ ಸ್ಟೂಲಿನ ಮೇಲೆ ನಾನು ಕೂರ್ತಿದ್ದೆ. ಹೂಂ ಅನ್ನೋರು ಯಾರೂ ಇರ್ಲಿಲ್ಲ. ದಿನಾ ಬೆಳಿಗ್ಗೆ ಕೈ ನಡುಗ್ತಿತ್ತು. ನಡುಗೋ ಕೈ ಹಿಂದಕ್ಕೆ ಬರೋದು ತಡ ಆಗತ್ತೆ." ಆಕೆ ತನ್ನ ಎಡಗೈಯನ್ನು ಮೇಲೆತ್ತಿ ತೋರಿಸಿದಳು. ಎರಡು ಬೆರಳು ಮೊದಲ ಗೆಣ್ಣಿಗೇ ಮುಗಿದಿದ್ದವು. ಆ ಕೈಯಲ್ಲಿ ಆಕೆ ಸದಾ ಗೋಂದಿನ ಡಬ್ಬಿ ಹಿಡಿದಿರುತ್ತಿದ್ದಳು, ಡಾಕ್ಟ್ರು ಎಂದೂ ಸರಿಯಾಗಿ ನೋಡಿರಲಿಲ್ಲ. "ನೀವು ಹೂಂ ಅಂದಿದ್ದಕ್ಕೆ ಇವನ ಕೈ ನಡುಗಲ್ಲ. ಅದಕ್ಕೇ ಮೊನ್ನೆ ಉಳೀತು. ಅನ್ನಿ."

"ಅನ್ನಿ ಡಾಕ್ಟ್ರೆ, ಒಂದಕ್ಷರ!" ಎಂದರು ಮ್ಯಾನೇಜರ್ ಕೈಮುಗಿದು. "ಅನ್ನಿ, ಅನ್ನಿ" ಎಂದು ಉಳಿದವರ ತುಟಿಗಳೂ ಅಲುಗಿದವು. ಮೆಷಿನ್ ನಿಂತರೆ ಏನಾಗುತ್ತದೆ ಎಂದು ನಿನ್ನೆ ಚಾವಣಿಯಿಲ್ಲದ ಕೋಣೆಯಿಂದ ಎಲ್ಲರಿಗೂ ತಲುಪಿತ್ತು.

ಭಾಮೈದ ನಗುತ್ತ ಕೂಗಿದ, "ಭಾವ, ಅಕ್ಕಂಗೆ ಹೇಳಲ್ಲ. ನಿಮ್ಮಾಣೆ. ಹೂಂ ಅನ್ನಿ!"

ಆ ನಗುವನ್ನು ನೋಡಿ ಡಾಕ್ಟ್ರಿಗೆ ತಡೆಯಲಾಗಲಿಲ್ಲ. ಹೋಗಿ ಅವನ ರೆಟ್ಟೆ ಹಿಡಿದು ಎಬ್ಬಿಸಿದರು. "ಏಳು. ನಾನು ಕೂರ್ತೀನಿ. ನೀನು ಕಿವಿ ಇಟ್ಟು ಹೇಳು."

"ನಾನಾ? ನನಗೇನು ತಿಳಿಯತ್ತೆ ಭಾವ?"

"ಕಿವಿ ಇದೆಯಲ್ಲ? ಇಡು."

ಭಾಮೈದ ಗಲಿಬಿಲಿಗೊಂಡು ಎಲ್ಲರ ಕಡೆ ನೋಡಿದ. ಆಮೇಲೆ ಭಾವ ಮಾಡುತ್ತಿದ್ದಂತೆಯೇ ಮೆಷಿನ್ನಿನ ಪಕ್ಕೆಗೆ ಕಿವಿಯೊತ್ತಿದ.

"ಏನು ಕೇಳಿಸ್ತಿದೆ?" ಎಂದು ಕೇಳಿದರು ಡಾಕ್ಟ್ರು, ಅವನ ತುಟಿಯ ಮೇಲೆ ಕಣ್ಣಿಟ್ಟು.

"ಸದ್ದು ಭಾವ."

"ಎಂಥ ಸದ್ದು?"

"ಮೆಷಿನ್ ಸದ್ದು."

"ಉಜ್ಜಿದ ಹಾಗಾ, ಕಡಿದ ಹಾಗಾ? ಬಿಟ್ಟುಬಿಟ್ಟು ಬರತ್ತಾ, ಒಂದೇ ಸಮ ಇದೆಯಾ? ಸರಿಯಾಗಿ ಕೇಳಿ ಹೇಳೋ!"

ಭಾಮೈದ ಕಷ್ಟಪಟ್ಟು ಕೇಳಿದ. ಅವನ ಕಿವಿ ಹದಿನಾರಾಣೆ ನೆಟ್ಟಗಿತ್ತು, ಒಳಗಿನ ಪ್ರತಿಯೊಂದು ಸದ್ದೂ ಅವನಿಗೆ ಕೇಳಿಸುತ್ತಿತ್ತು, ಯಾವುದರ ಅರ್ಥವೂ ತಿಳಿಯುತ್ತಿರಲಿಲ್ಲ. ಅರ್ಥ ಬಲ್ಲವರು ಒಂದು ಮೊಳ ದೂರದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಅವನು ಕತ್ತೆತ್ತಿದ. ಚಿಕ್ಕಮ್ಮ ಅವನನ್ನೇ ನೋಡುತ್ತಿದ್ದಳು. ಮ್ಯಾನೇಜರ್ ಅವನನ್ನೇ ನೋಡುತ್ತಿದ್ದರು. ಹುಟ್ಟಿದಾಗಿನಿಂದ ಅಷ್ಟು ಜನ ಅವನ ಬಾಯಿ ಕಾದು ನಿಂತದ್ದೇ ಇಲ್ಲ. ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ಮುಖದ ಮೇಲೆ ಒಂದು ಗಾಂಭೀರ್ಯ ಬಂದು ಕೂತಿತು. ಅವನು ಮೆಲ್ಲಗೆ ಕಣ್ಣು ಮುಚ್ಚಿದ.

ಬೇಡ ಕಣೋ, ಎಂದುಕೊಂಡರು ಡಾಕ್ಟ್ರು. ಗೊತ್ತಿಲ್ಲ ಅನ್ನು. ಗೊತ್ತಿಲ್ಲ ಅಂತ ಒಂದು ಸಲ ಯಾರಾದರೂ ಅನ್ನಿ.

ಭಾಮೈದನ ತುಟಿಗಳು ಒಂದಕ್ಕೊಂದು ಸೇರಿದವು. ಅವನು ಹೂಂ ಎಂದ.

ಸುತ್ತ ನಿಂತ ಮುಖಗಳೆಲ್ಲ ಸಡಿಲವಾದವು. ಕುಂಚಗಳು ಗೋಂದಿಗೆ ಇಳಿದವು. ಮ್ಯಾನೇಜರ್ ಎದೆ ಸವರಿಕೊಂಡು, ಹೊಸ ಡಾಕ್ಟ್ರ ಬೆನ್ನು ತಟ್ಟಿ, ಒಳಗೆ ಹೋದರು. ಚಿಕ್ಕಮ್ಮ ಆಗಲೇ ತನ್ನ ಮಗನಿಗೆ ರಜೆ ಹಾಕಿಸಲೋ ಬೇಡವೋ ಎಂದು ಭಾಮೈದನನ್ನು ಕೇಳುತ್ತಿದ್ದಳು. ಎದುರಿಗೆ ದವಡೆ ಬಾಯಿ ತೆರೆದು ನಿಂತಿತು. ಡಾಕ್ಟ್ರು ರಟ್ಟಿನ ಹಾಳೆಯೊಂದನ್ನು ಎತ್ತಿಕೊಂಡರು. ಹಾಳೆಯ ಅಂಚು ಗಡಗಡ ಅಲುಗುತ್ತಿತ್ತು. ಅದು ನಿಲ್ಲಲಿ ಎಂದು ಅವರು ಸ್ವಲ್ಪ ಹೊತ್ತು ಕಾದರು. ನಿಲ್ಲಲಿಲ್ಲ, ಹಾಗೇ ಒಳಗೆ ಕೈ ಹಾಕಿದರು.